ಬಾಬ್ ಕೂದಲಿಗೆ ಅಲೆ ಸಿಕ್ಕಿದ್ದು ಹೇಗೆ

ವೈಟ್‌ಫೀಲ್ಡಿನ ಮಾಲ್ ಒಳಗಿನ ಸಲೂನ್ ಇರಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪಿಜಿಗಳ ಸಾಲಿಗೆ ಅಂಟಿಕೊಂಡ ಪಾರ್ಲರ್ ಇರಲಿ, ಪೀಣ್ಯದ ಮೊದಲ ಮಹಡಿಯ ಎರಡು ಕುರ್ಚಿಯ ಅಂಗಡಿ ಇರಲಿ, ಬಾಬ್ ಕಟ್ ಮಾಡಿಸಿಕೊಳ್ಳಲು ಬಂದವರು ಫೋನಿನಲ್ಲಿ ಫೋಟೊ ತೋರಿಸಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ಸ್ವಲ್ಪ ಕೆದರಿದ ಹಾಗಿರಬೇಕು, ಅಲೆಅಲೆಯಾಗಿರಬೇಕು, ಆದರೆ ಸೆಟ್ ಮಾಡಿಸಿದ್ದು ಅಂತ ಗೊತ್ತಾಗಬಾರದು. ಕುರ್ಚಿಯ ಹಿಂದೆ ನಿಂತ ಹುಡುಗಿ, ಬಹಳ ಸಲ ಮಣಿಪುರದವಳೋ ಮಿಜೋರಾಮಿನವಳೋ, ತಲೆಯಾಡಿಸಿ ಟಾಂಗ್ ಬಿಸಿಗಿಡುತ್ತಾಳೆ. ಕೂದಲನ್ನು ಸಣ್ಣ ಸಣ್ಣ ಗೊಂಚಲಾಗಿ ಬಿಡಿಸಿ ನಡುಭಾಗವನ್ನಷ್ಟೇ ಬಿಸಿ ಕೊಳವೆಗೆ ಸುತ್ತುತ್ತಾಳೆ. ತುದಿಯ ಎರಡು ಬೆರಳಗಲ ಹೊರಗೇ ಉಳಿಯುತ್ತದೆ. ಒಂದು ಗೊಂಚಲು ಮುಖದ ಕಡೆಗೆ ತಿರುಗಿದರೆ ಪಕ್ಕದ್ದು ಮುಖದಿಂದ ಆಚೆಗೆ. ಎಲ್ಲ ಮುಗಿದ ಮೇಲೆ ತಕ್ಷಣ ಬಾಚಣಿಗೆ ಎತ್ತಿಕೊಳ್ಳುವುದಿಲ್ಲ. ಕೂದಲು ತಣ್ಣಗಾಗುವ ತನಕ ಕಾಯುತ್ತಾಳೆ. ಆಮೇಲೆ ತಲೆ ಬಗ್ಗಿಸಲು ಹೇಳಿ, ಬುಡಕ್ಕೆ ಬೆರಳು ತೂರಿಸಿ ಕೊಡವುತ್ತಾಳೆ.

ನೋಡಿದವರಿಗೆ ಇದು ಕೈಚಳಕ. ಆದರೆ ಸುತ್ತು ಎಲ್ಲಿಂದ ಶುರುವಾಗಬೇಕು, ಎಲ್ಲಿ ನಿಲ್ಲಬೇಕು, ಸುತ್ತಿದ ಮೇಲೆ ಏಕೆ ಕಾಯಬೇಕು ಎಂಬುದು ಮೊದಲಿನಿಂದಲೂ ಗೊತ್ತಿದ್ದ ಸಂಗತಿಯಲ್ಲ. ಅದನ್ನು ಕಂಡುಕೊಳ್ಳಲು ಕ್ಷೌರಿಕರು, ನೂಲಿನ ವಿಜ್ಞಾನಿಗಳು, ಕಿಣ್ವಗಳ ಬೆನ್ನು ಹತ್ತಿದ ರಸಾಯನಶಾಸ್ತ್ರಜ್ಞರು ಒಬ್ಬರ ಪರಿಚಯ ಒಬ್ಬರಿಗಿಲ್ಲದೆ ನೂರು ವರ್ಷ ದುಡಿದಿದ್ದಾರೆ. ಆ ದುಡಿಮೆಯ ಒಂದು ಕೊಂಡಿ ನಮ್ಮ ಬೆಂಗಳೂರಿನಲ್ಲೂ ಇದೆ.

ಒದ್ದೆ ಕೂದಲಿಗೆ ಕೊಟ್ಟ ಆಕಾರ ಆರಿದ ಮೇಲೂ ನಿಲ್ಲುತ್ತದೆ ಎಂಬಷ್ಟು ನಮ್ಮ ಮನೆಗಳಿಗೆ ಹಿಂದಿನಿಂದ ಗೊತ್ತಿತ್ತು. ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ಎರೆದುಕೊಂಡು, ಪೂರ್ತಿ ಆರುವ ಮುನ್ನವೇ ಬಿಗಿಯಾಗಿ ಜಡೆ ಹೆಣೆದುಕೊಂಡ ಹುಡುಗಿ ಮಾರನೆಯ ಬೆಳಿಗ್ಗೆ ಜಡೆ ಬಿಚ್ಚಿದರೆ ಬೆನ್ನ ತುಂಬ ಅಲೆ. ಬೇಲೂರಿನ ಮದನಿಕೆಯರ ಗುಂಗುರನ್ನು ಕಲ್ಲಿನಲ್ಲಿ ಬಿಡಿಸಿದ ಶಿಲ್ಪಿಗಳೂ ಅಂಥ ಕೂದಲನ್ನು ಕಣ್ಣಾರೆ ಕಂಡವರೇ ಇರಬೇಕು. ಈ ಜ್ಞಾನಕ್ಕೆ ಒಂದೇ ಒಂದು ಷರತ್ತು: ಕೂದಲು ಹೆಣೆಯುವಷ್ಟು ಉದ್ದವಿರಬೇಕು. ದವಡೆಯ ಮಟ್ಟಕ್ಕೆ ಕತ್ತರಿಸಿದ ಕೂದಲಿಗೆ ಜಡೆಯಿಲ್ಲ. ಬಾಬ್ ಕಟ್ಟಿನ ಕತೆ ಬಿಗಿಯಾಗುವುದು ಇಲ್ಲಿಂದ.

1872ರಲ್ಲಿ ಪ್ಯಾರಿಸ್ಸಿನ ಮೊಂಮಾರ್ತ್ರ್ ಭಾಗದ ಕ್ಷೌರಿಕ ಮಾರ್ಸೆಲ್ ಗ್ರಾತೊ ಬಿಸಿ ಇಕ್ಕಳದಿಂದ ಹೊಸ ಬಗೆಯ ಅಲೆ ಮೂಡಿಸಿದ. ಅದಕ್ಕೆ ಮುಂಚೆಯೂ ಬಿಸಿ ಇಕ್ಕಳಗಳಿದ್ದವು. ಅವು ಕೂದಲನ್ನು ಉಂಗುರ ಉಂಗುರವಾಗಿ ಸುತ್ತುತ್ತಿದ್ದವು, ನೋಡಿದ ಕೂಡಲೇ ಮಾಡಿದ್ದು ಅನ್ನಿಸುತ್ತಿತ್ತು. ಗ್ರಾತೊ ಇಕ್ಕಳವನ್ನು ತಿರುವುಮುರುವಾಗಿ ಹಿಡಿದ. ಒಂದು ಕಡೆ ದುಂಡು ಸರಳು, ಇನ್ನೊಂದು ಕಡೆ ಅದು ಕೂರುವ ತೋಡು. ಎರಡರ ನಡುವೆ ಕೂದಲನ್ನು ಕಚ್ಚಿಸಿ, ಒಮ್ಮೆ ಅತ್ತ ಒಮ್ಮೆ ಇತ್ತ ಬಾಗಿಸುತ್ತ ಇಳಿದರೆ ಸುರುಳಿಯ ಬದಲು ಹಾವು ಹರಿದಂಥ ಏರಿಳಿತ ಬರುತ್ತಿತ್ತು. ಹುಟ್ಟಿನಿಂದ ಅಲೆಗೂದಲಿರುವವರ ತಲೆಯಂತೆ ಕಾಣುತ್ತಿತ್ತು. ಆಗ ಉಷ್ಣತೆ ತೋರಿಸುವ ಗುಂಡಿಗಳಿರಲಿಲ್ಲ. ಇಕ್ಕಳವನ್ನು ಕಾಗದದ ತುಂಡಿಗೆ ಒತ್ತಿ ನೋಡಬೇಕು. ಕಾಗದ ಕಂದಾದರೆ ತಲೆಗೆ ಮುಟ್ಟಿಸುವ ಹಾಗಿಲ್ಲ. ಇಂದು ಟಾಂಗ್ ಹಿಡಿದ ಹುಡುಗಿ ಗೊಂಚಲನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಸುತ್ತುವುದರಲ್ಲಿ ಗ್ರಾತೊನ ಕೈ ಇದೆ.

ಗ್ರಾತೊ ಇಕ್ಕಳ ತಿರುಗಿಸಿದ ಹತ್ತು ವರ್ಷಕ್ಕೆ, 1882ರಲ್ಲಿ, ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಡಿ. ಎಸ್. ವೈಟ್ ಮುಂದಾಳುತನದ ಆಂಗ್ಲೋ ಇಂಡಿಯನ್ ಸಂಘಕ್ಕೆ ಬೆಂಗಳೂರಿನ ಪೂರ್ವದಲ್ಲಿ ಭೂಮಿ ಕೊಟ್ಟರು. ವೈಟ್‌ಫೀಲ್ಡ್ ಹುಟ್ಟಿದ್ದು ಆ ಸುಮಾರು 3,900 ಎಕರೆಯಲ್ಲಿ. ಪ್ಯಾರಿಸ್, ಲಂಡನ್ನಿನ ಉಡುಗೆ ತೊಡುಗೆಯ ಸುದ್ದಿಗೆ ಕಿವಿಗೊಡುತ್ತಿದ್ದ ಜನ ನೆಲೆಸಿದ ಹಳ್ಳಿಯೇ ಇಂದು ಐಟಿ ಪಾರ್ಕುಗಳ ಊರಾಗಿದೆ ಎಂಬುದನ್ನು ಇಲ್ಲಿನ ಸಲೂನ್ ಕನ್ನಡಿಯ ಮುಂದೆ ಕೂತವರು ಒಮ್ಮೆ ನೆನೆಯಬಹುದು.

ಮಾರ್ಸೆಲ್ ಅಲೆಗೆ ಆಯುಷ್ಯ ಕಡಿಮೆ. ತಲೆಗೆ ನೀರು ಬಿದ್ದರೆ ಮುಗಿಯಿತು. ನೀರಿಗೂ ಜಗ್ಗದ ಅಲೆ ಬೇಕೆಂಬ ಹಟ ಹಿಡಿದವನು ಕ್ಷೌರಿಕ ಕಾರ್ಲ್ ನೆಸ್ಲರ್, ಜರ್ಮನಿಯ ಕಪ್ಪುಕಾಡಿನ ಟೋಟ್‌ನಾವ್ ಎಂಬ ಊರಿನವನು. 1896ರಿಂದ ಈ ಯೋಚನೆಯ ಹಿಂದೆ ಬಿದ್ದು, 1905ರ ಅಕ್ಟೋಬರ್ 8ರಂದು ಲಂಡನ್ನಿನಲ್ಲಿ ತನ್ನ ವಿಧಾನವನ್ನು ಜನರ ಮುಂದೆ ಮಾಡಿ ತೋರಿಸಿದ. ಕೂದಲಿಗೆ ಕ್ಷಾರದ ದ್ರಾವಣ ಹಚ್ಚಿ, ಸರಳಿಗೆ ಸುರುಳಿ ಸುತ್ತಿ, ವಿದ್ಯುತ್ತಿನಿಂದ ಕಾದ ಹಿತ್ತಾಳೆಯ ಉರುಳೆಗಳಲ್ಲಿ 100 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಬೇಯಿಸುವುದು. ಒಂದೊಂದು ಉರುಳೆ ಸುಮಾರು 900 ಗ್ರಾಂ; ಅಂಥವು ಹನ್ನೆರಡು. ನೆತ್ತಿಗೆ ತಾಗದಂತೆ ಅವನ್ನು ಮೇಲಿನಿಂದ ತೂಕದ ಗುಂಡುಗಳಿಗೆ ಕಟ್ಟಿ ತೂಗುಹಾಕುತ್ತಿದ್ದ. ಆರು ಗಂಟೆ ಅದರ ಕೆಳಗೆ ಕೂರಬೇಕು.

ಆ ಯಂತ್ರದ ಕೆಳಗೆ ಮೊದಲು ಕೂತವಳು ಅವನ ಹೆಂಡತಿ ಕಾಥರೀನಾ ಲೈಬ್ಲೆ. ಮೊದಲ ಎರಡು ಪ್ರಯತ್ನಗಳಲ್ಲಿ ಅವಳ ಕೂದಲು ಸುಟ್ಟುಹೋಯಿತು, ನೆತ್ತಿಯ ಚರ್ಮಕ್ಕೂ ಸುಟ್ಟಗಾಯವಾಯಿತು. ಪೇಟೆಂಟು, ಅಂಗಡಿ, ಹೆಸರು ಎಲ್ಲ ನೆಸ್ಲರನ ಪಾಲಾದವು. ಆದರೆ ಶಾಶ್ವತ ಅಲೆಯ ಆವಿಷ್ಕಾರದಲ್ಲಿ ಮೊದಲ ಗೌರವ ಕಾಥರೀನಾಳಿಗೆ ಸಲ್ಲಬೇಕು. ಯಾವ ಕ್ಷಾರ ಎಷ್ಟಿರಬೇಕು, ಬಿಸಿ ಎಷ್ಟು ಹೊತ್ತು ಎಂಬ ಲೆಕ್ಕವನ್ನು ಅವನು ಕಲಿತದ್ದು ಅವಳ ತಲೆಯ ಮೇಲೆ.

ನೆಸ್ಲರನ ವಿಧಾನದಲ್ಲಿ ಕೂದಲನ್ನು ಬುಡದಿಂದ ತುದಿಯ ಕಡೆಗೆ ಸುತ್ತುತ್ತಿದ್ದರು. ಸೊಂಟದವರೆಗಿನ ಕೂದಲಿಗೆ ಅದು ಸರಿ. ಆದರೆ ಅವನ ಯಂತ್ರ ಲಂಡನ್ನಿನಲ್ಲಿ ಬಳಕೆಗೆ ಬಂದ 1909ರಲ್ಲೇ ಪ್ಯಾರಿಸ್ಸಿನಲ್ಲಿ ಬೇರೆಯದೇ ಗಾಳಿ ಬೀಸತೊಡಗಿತ್ತು. ಪೋಲೆಂಡಿನಿಂದ ಬಂದಿದ್ದ ಆಂತ್ವಾನ್ ಎಂಬ ಕೇಶ ಕಲಾವಿದ, ಜೋನ್ ಆಫ್ ಆರ್ಕ್‌ಳ ಚಿತ್ರಗಳನ್ನು ಕಂಡು, ಹೆಂಗಸರ ಕೂದಲನ್ನು ಕಿವಿಯ ಕೆಳಕ್ಕೆ ಕತ್ತರಿಸತೊಡಗಿದ್ದ. ಕೆಲವು ವರ್ಷಗಳಲ್ಲಿ ಅಮೆರಿಕದ ನರ್ತಕಿ ಐರೀನ್ ಕ್ಯಾಸಲ್ ಹಾಗೆ ಕತ್ತರಿಸಿಕೊಂಡಳು. ಜೊತೆಗೆ ಮೊದಲ ಮಹಾಯುದ್ಧ, ಕಾರ್ಖಾನೆಗೆ ನಡೆದ ಹೆಂಗಸರು. 1920ರ ದಶಕಕ್ಕೆ ಬಾಬ್ ಕಟ್ ಊರೂರಿಗೆ ಹಬ್ಬಿತು.

ನಮ್ಮಲ್ಲಿ ಆ ಕಾಲಕ್ಕೆ ಹೆಂಗಸಿನ ತಲೆಗೆ ಕತ್ತರಿ ತಾಗುವುದೆಂದರೆ ಬೇರೆಯೇ ಅರ್ಥವಿತ್ತು. ಎಂ. ಕೆ. ಇಂದಿರಾ ಅವರ 1976ರ ಕಾದಂಬರಿ ‘ಫಣಿಯಮ್ಮ’ವನ್ನೋ, ಅದನ್ನು ಪ್ರೇಮಾ ಕಾರಂತರು ತೆರೆಗೆ ತಂದ ಸಿನಿಮಾವನ್ನೋ ಬಲ್ಲವರಿಗೆ ಹೇಳಬೇಕಿಲ್ಲ. ಗಂಡ ಸತ್ತ ಹುಡುಗಿಯ ಕೂದಲನ್ನು ಮನೆಯವರು ತೆಗೆಸುತ್ತಿದ್ದರು, ಅವಳ ಇಷ್ಟವನ್ನು ಯಾರೂ ಕೇಳುತ್ತಿರಲಿಲ್ಲ. ಅದೇ ನಾಡಿನ ಮೊಮ್ಮಗಳು, ಮರಿಮಗಳು ಇಂದು ಪಾರ್ಲರಿನ ಕುರ್ಚಿಯಲ್ಲಿ ಕೂತು ದವಡೆಯ ಗೆರೆಯನ್ನು ಬೆರಳಿನಿಂದ ತೋರಿಸಿ "ಇಲ್ಲಿಗೆ ಕಟ್ ಮಾಡಿ" ಎನ್ನುವುದನ್ನು ಬರೀ ಫ್ಯಾಷನ್ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕೂದಲು ಎಷ್ಟಿರಬೇಕೆಂದು ಹೇಳುವ ಹಕ್ಕು ಯಾರ ಕೈಯಲ್ಲಿದೆ ಎಂಬುದು ಬದಲಾಗಿದೆ.

ಬಾಬ್ ಬಂದದ್ದೇ ನೆಸ್ಲರನ ಯಂತ್ರಕ್ಕೆ ಕಷ್ಟವಾಯಿತು. ಬುಡದಿಂದ ಸುತ್ತಲು ಹೊರಟರೆ ಗಿಡ್ಡ ಕೂದಲು ಒಂದೆರಡು ಸುತ್ತಿಗೇ ಮುಗಿಯುತ್ತದೆ, ತುದಿಗಳು ಸರಳಿನಿಂದ ಜಾರಿ ನೆಟ್ಟಗೆ ನಿಲ್ಲುತ್ತವೆ. ಅಲೆ ಬೇಕೆಂದವರು ಕೂದಲು ಬೆಳೆಸಬೇಕು, ಇಲ್ಲವೇ ಅಲೆಯ ಆಸೆ ಬಿಡಬೇಕು. 1924ರ ಸುಮಾರಿಗೆ ಬೊಹೀಮಿಯಾ ಸೀಮೆಯ ಜೋಸೆಫ್ ಮೇಯರ್ ಸುತ್ತುವ ದಿಕ್ಕನ್ನೇ ತಿರುಗಿಸಿದ. ತುದಿಯನ್ನು ಮೊದಲು ಸರಳಿಗೆ ಹಿಡಿಸಿ, ಅದರ ಮೇಲೇ ಸುತ್ತುತ್ತ ಬುಡಕ್ಕೆ ಬರುವುದು. ಹೀಗೆ ಸುತ್ತಿದರೆ ಎಷ್ಟೇ ಗಿಡ್ಡ ಕೂದಲಾದರೂ ತುದಿ ಭದ್ರ. ಇನ್ನೊಂದು ಗುಣವೂ ಜೊತೆಗೆ ಬಂತು. ಪದರದ ಮೇಲೆ ಪದರ ಕೂರುವುದರಿಂದ ತುದಿಯ ಸುತ್ತು ಸಣ್ಣದು, ಬುಡಕ್ಕೆ ಬಂದಂತೆ ದೊಡ್ಡದು. ಅಲೆ ನೆತ್ತಿಯ ಬಳಿ ಸಡಿಲ, ಕೆಳಗೆ ಬಿಗಿ. ಹಳೆಯ ಸಿನಿಮಾಗಳ ಬಾಬ್ ತಲೆಗಳಲ್ಲಿ ಕೆನ್ನೆಯ ಹತ್ತಿರ ಒಳಕ್ಕೆ ಬಿಗಿದು ನಿಂತ ಸುರುಳಿಗೆ ಇದೇ ಕಾರಣ. ಕ್ರೋಕಿನ್ಯೋಲ್ ಎಂಬ ಹೆಸರಿನಲ್ಲಿ ಈ ಸುತ್ತು ಸಲೂನುಗಳಲ್ಲಿ ಹರಡಿತು.

ಶಿಕಾಗೊದಲ್ಲಿ ಮಾರ್ಜೊರಿ ಜಾಯ್ನರ್ ಎಂಬ ಕಪ್ಪು ಸಮುದಾಯದ ಕೇಶ ಕಲಾವಿದೆಗೆ ಹೊಳೆದ ದಾರಿ ಅಡುಗೆಮನೆಯದು. ಮಾಂಸವನ್ನು ಒಳಗಿನಿಂದ ಬೇಯಿಸಲು ಚುಚ್ಚುವ ಉದ್ದನೆಯ ಸರಳುಗಳನ್ನು ನೋಡಿ, ಅಂಥ ಹಲವು ಸರಳುಗಳನ್ನು ಒಂದೇ ಕೊಡೆಯ ಕೆಳಗೆ ಜೋಡಿಸಿ ಇಡೀ ತಲೆಗೆ ಒಟ್ಟಿಗೇ ಅಲೆ ಕೊಡುವ ಯಂತ್ರ ಮಾಡಿದಳು. 1928ರ ನವೆಂಬರ್ 27ರಂದು ಅವಳಿಗೆ ಪೇಟೆಂಟು ಸಿಕ್ಕಿತು. ಹಕ್ಕು ಅವಳು ದುಡಿಯುತ್ತಿದ್ದ ಮೇಡಂ ಸಿ. ಜೆ. ವಾಕರ್ ಕಂಪನಿಗೆ ಹೋಯಿತು.

ಇಷ್ಟೆಲ್ಲ ಆದರೂ ಕೂದಲು ಬಾಗಿದ ಆಕಾರವನ್ನು ಏಕೆ ಹಿಡಿದುಕೊಳ್ಳುತ್ತದೆ ಎಂಬುದು ಒಬ್ಬರಿಗೂ ತಿಳಿದಿರಲಿಲ್ಲ. ಸುಳಿವು ಮಾತ್ರ ಬಹಳ ಹಿಂದೆಯೇ ಸಿಕ್ಕಿತ್ತು. ಜಿನೀವಾದ ವಿಜ್ಞಾನಿ ಸೋಸ್ಯೂರ್ 1783ರಲ್ಲಿ, ಜಿಡ್ಡು ತೆಗೆದ ಮನುಷ್ಯರ ಕೂದಲು ತೇವದಲ್ಲಿ ಉದ್ದವಾಗಿ ಒಣಹವೆಯಲ್ಲಿ ಕುಗ್ಗುವುದನ್ನು ಅಳೆದು, ಗಾಳಿಯ ತೇವಾಂಶ ಹೇಳುವ ಉಪಕರಣವನ್ನೇ ಮಾಡಿದ್ದ. ಪೂರ್ತಿ ಒಣಗಿದ ಸ್ಥಿತಿಯಿಂದ ಪೂರ್ತಿ ತೇವಕ್ಕೆ ಹೋದರೆ ಕೂದಲು ಸುಮಾರು ಎರಡು ಎರಡೂವರೆ ಶೇಕಡಾ ಉದ್ದವಾಗುತ್ತದೆ. ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯಗಳು ಕೂದಲಿನ ಎಳೆಯಿಂದ ನಡೆಯುವ ತೇವಾಂಶ ಲೇಖಕಗಳನ್ನು ದಶಕಗಳ ಕಾಲ ಬಳಸಿವೆ. ಜುಲೈ ಮಳೆಯಲ್ಲಿ ಮನೆಯಲ್ಲಿ ಮಾಡಿಕೊಂಡ ಅಲೆ ಆಫೀಸು ತಲುಪುವಷ್ಟರಲ್ಲಿ ಸಪ್ಪಗಾಗುತ್ತದೆ ಎಂದು ಬೇಸರಪಡುವ ಹುಡುಗಿಯ ತಲೆಯಲ್ಲೂ ಅದೇ ಉಪಕರಣ ಕೆಲಸ ಮಾಡುತ್ತಿರುತ್ತದೆ.

ಉತ್ತರ ಬಂದದ್ದು ಉಣ್ಣೆಯ ಊರಿನಿಂದ. 1928ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ನೂಲುಗಳ ಭೌತಶಾಸ್ತ್ರ ಕಲಿಸಲು ಬಂದ ವಿಲಿಯಂ ಆಸ್ಟ್‌ಬರಿ ಉಣ್ಣೆ ಮತ್ತು ಕೂದಲಿನ ಎಳೆಗಳ ಮೂಲಕ ಎಕ್ಸ್ ಕಿರಣ ಹಾಯಿಸಿ ಫೋಟೊ ತೆಗೆದ. ಎಳೆಯದ ಕೂದಲಿಗೆ ಒಂದು ಚಿತ್ರ. ಅದನ್ನೇ ಹಬೆಯಲ್ಲಿಟ್ಟು ಎಳೆದರೆ ಪೂರ್ತಿ ಬೇರೆ ಚಿತ್ರ. ಬಿಟ್ಟರೆ ಮತ್ತೆ ಮೊದಲಿನದು. ಕೂದಲಿನ ಪ್ರೋಟೀನು, ಅಂದರೆ ಕೆರಾಟಿನ್, ಒಳಗೆ ಮಡಿಚಿಕೊಂಡಿರುತ್ತದೆ, ಎಳೆದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ ಎಂದು ಆತ 1930ರ ದಶಕದ ಆರಂಭದಲ್ಲೇ ಹೇಳಿದ. ಮಡಿಕೆಯಿಲ್ಲದ ರೂಪಕ್ಕೆ ಬೀಟಾ, ಮಡಿಕೆಯಿರುವ ರೂಪಕ್ಕೆ ಆಲ್ಫಾ ಎಂಬ ಹೆಸರು ಅವನದೇ. ಆಸ್ಟ್‌ಬರಿಗೆ ಪ್ರೋಟೀನಿನ ಮೇಲೆ ಎಷ್ಟು ಒಲವೆಂದರೆ ಮುಂದೆ ಕಡಲೇಕಾಯಿಯ ಪ್ರೋಟೀನಿನಿಂದ ನೂಲು ತೆಗೆಸಿ ನೇಯಿಸಿದ ಕೋಟನ್ನೇ ತೊಟ್ಟು ಓಡಾಡಿದ. ಬಸವನಗುಡಿಯ ಕಡಲೇಕಾಯಿ ಪರಿಷೆ ಕಂಡವರು ಈ ಸಂಗತಿ ಕೇಳಿದರೆ ಖುಷಿಪಟ್ಟಾರು. ಆತ ಊಹಿಸಿದ ಮಡಿಕೆಯ ನಿಜವಾದ ಆಕಾರ ಸುರುಳಿ ಎಂದು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅದಕ್ಕೆ ಆಲ್ಫಾ ಹೀಲಿಕ್ಸ್ ಎಂಬ ಹೆಸರು ನಿಂತಿತು.

ಬೆಂಗಳೂರಿನ ಕೊಂಡಿ ಸೇರುವುದು ಇಲ್ಲಿ. 1942ರಲ್ಲಿ ಎಂಜಿನಿಯರಿಂಗ್ ಓದಲೆಂದು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ. ವಿ. ರಾಮನ್ನರ ಸೆಳೆತಕ್ಕೆ ಸಿಕ್ಕಿ ಭೌತಶಾಸ್ತ್ರಕ್ಕೆ ಹೊರಳಿದವರು ಜಿ. ಎನ್. ರಾಮಚಂದ್ರನ್. ಮದ್ರಾಸಿನಲ್ಲಿದ್ದಾಗ 1954ರಲ್ಲಿ ಗೋಪೀನಾಥ್ ಕರ್ತಾ ಜೊತೆ ಚರ್ಮ, ಸ್ನಾಯುರಜ್ಜುಗಳ ಪ್ರೋಟೀನಾದ ಕಾಲಜನ್ ಮೂರು ಎಳೆಗಳ ಹುರಿ ಎಂದು ತೋರಿಸಿದರು. 1963ರಲ್ಲಿ ಅವರೂ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೂ ಸೇರಿ, ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲುದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂಬುದನ್ನು ಒಂದೇ ನಕ್ಷೆಯಲ್ಲಿಟ್ಟರು. ಕೂದಲಿನ ಕೆರಾಟಿನ್ ಸುರುಳಿಗೂ ಆ ನಕ್ಷೆಯಲ್ಲಿ ಜಾಗವಿದೆ, ಎಳೆದಾಗ ಬಿಚ್ಚಿಕೊಂಡ ಬೀಟಾ ರೂಪಕ್ಕೂ ಇದೆ. ಆಸ್ಟ್‌ಬರಿ ಫೋಟೊದಲ್ಲಿ ಕಂಡ ಎರಡು ರೂಪಗಳು ಅಲ್ಲಿ ಎರಡು ದ್ವೀಪಗಳಾಗಿ ಕೂತಿವೆ. 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿದ ರಾಮಚಂದ್ರನ್ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗ ಕಟ್ಟಿದರು. ಪೀಣ್ಯದಿಂದ ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿದರೆ ಆ ಕ್ಯಾಂಪಸ್ಸು ಹತ್ತಿರವೇ. ಕೂದಲು ಸುರುಳಿ ಮಾಡುವುದನ್ನು ಅವರು ಅಧ್ಯಯನ ಮಾಡಲಿಲ್ಲ. ಪ್ರೋಟೀನು ಎಂಬುದು ಹೇಗೆ ಸುತ್ತಿಕೊಳ್ಳಬಹುದು ಎಂಬ ಮೂಲ ಪ್ರಶ್ನೆಗೆ ಉತ್ತರ ಕೊಟ್ಟರು, ಕೂದಲು ಅದರೊಳಗೆ ಬಂತು.

ಇನ್ನು ಬಾಚುವ ಮುನ್ನ ಕಾಯುವುದರ ಗುಟ್ಟು. ಕೆರಾಟಿನ್ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧಗಳಲ್ಲಿ ಎರಡು ಮುಖ್ಯ. ಜಲಜನಕದ ಬಂಧ ಗಾರ್ಮೆಂಟ್ಸಿನವರು ಮೊದಲು ಹಾಕುವ ಕಚ್ಚಾ ಹೊಲಿಗೆಯ ಹಾಗೆ. ನೀರು ತಾಗಿದರೆ, ಬಿಸಿ ತಾಗಿದರೆ ಬಿಚ್ಚುತ್ತದೆ. ನೀರು ಆರಿ, ಬಿಸಿ ಇಳಿದಾಗ ಕೂದಲು ಯಾವ ಬಾಗಿನಲ್ಲಿದೆಯೋ ಅದೇ ಬಾಗಿನಲ್ಲಿ ಮತ್ತೆ ಬಿಗಿಯುತ್ತದೆ. ಟಾಂಗಿನಿಂದ ಬಿಡಿಸಿದ ಗೊಂಚಲು ಬಿಸಿಯಿರುವಾಗಲೇ ಬಾಚಿದರೆ ಬಂಧಗಳು ಬಿಗಿಯುವ ಮುನ್ನವೇ ಬಾಗು ನೆಟ್ಟಗಾಗಿರುತ್ತದೆ; ಅಷ್ಟೂ ಕೆಲಸ ನೀರುಪಾಲು. ಅಲೆ ಹುಟ್ಟುವುದು ಬಿಸಿಯಲ್ಲಲ್ಲ, ತಣ್ಣಗಾಗುವಾಗ. ಈ ಒಂದು ಸಂಗತಿ ಮನಸ್ಸಿಗೆ ಬಂದವರಿಗೆ ಟಾಂಗ್ ಇಲ್ಲದೆಯೂ ಅಲೆ ಮಾಡಿಕೊಳ್ಳಲು ಬರುತ್ತದೆ.

ಇನ್ನೊಂದು ಗಂಧಕದ ಬಂಧ. ಸುಟ್ಟ ಕೂದಲಿನ ವಾಸನೆಗೆ ಕಾರಣವಾದ ಗಂಧಕ ಅದೇ. ಅದು ನೀರಿಗೆ ಬಗ್ಗುವುದಿಲ್ಲ. ನೆಸ್ಲರ್ ಕ್ಷಾರ ಮತ್ತು ಶಾಖದಿಂದ ಮುರಿಯುತ್ತಿದ್ದುದು ಇದನ್ನೇ, ಹೆಸರು ತಿಳಿಯದೆ. 1934ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಡೇವಿಡ್ ಗೊಡಾರ್ಡ್ ಮತ್ತು ಲಿಯೊನೋರ್ ಮಿಕಾಯ್ಲಿಸ್, ಥಯೊಗ್ಲೈಕಾಲಿಕ್ ಆಮ್ಲ ಈ ಬಂಧವನ್ನು ಬಿಡಿಸಿ ಕೆರಾಟಿನ್ ಅನ್ನು ಕರಗಿಸುತ್ತದೆ ಎಂದು ಕಂಡುಕೊಂಡರು. ಇಂದಿಗೂ ಪಾರ್ಲರುಗಳ ಪರ್ಮಿಂಗ್ ದ್ರಾವಣಗಳ ಹಿಂದಿರುವುದು ಈ ಶೋಧ. ಯಂತ್ರವಿಲ್ಲದೆ, ಕುದಿಸದೆ ಶಾಶ್ವತ ಅಲೆ ಬಂದದ್ದು ಅದರಿಂದ. ಇದೇ ಮಿಕಾಯ್ಲಿಸ್ 1913ರಲ್ಲಿ ಮಾಡ್ ಮೆಂಟೆನ್ ಜೊತೆ ಕಿಣ್ವಗಳ ವೇಗದ ಸಮೀಕರಣ ಕೊಟ್ಟವನು. ಕಿಣ್ವ ತಯಾರಿಸುತ್ತ 1978ರಲ್ಲಿ ಶುರುವಾದ ಬಯೋಕಾನಿನ ಎಲೆಕ್ಟ್ರಾನಿಕ್ ಸಿಟಿ ಕ್ಯಾಂಪಸ್ಸಿನಲ್ಲಿ ಆ ಸಮೀಕರಣ ಓದದೆ ಒಳಗೆ ಬಂದ ಜೀವರಸಾಯನ ಪದವೀಧರರು ಇರಲಾರರು. ಅವರಲ್ಲಿ ಎಷ್ಟು ಜನ ಪರ್ಮಿಂಗ್ ಮಾಡಿಸಿಕೊಳ್ಳುವಾಗ ಆ ಹೆಸರನ್ನು ನೆನೆದಾರು!

ಹುಟ್ಟಾ ಅಲೆಗೂದಲಿನ ಕತೆಯೂ ಉಣ್ಣೆಯಿಂದಲೇ ಬಿಚ್ಚಿಕೊಂಡಿತು. 1953ರಲ್ಲಿ ಜಪಾನಿನ ವಿಜ್ಞಾನಿಗಳಾದ ಹೊರಿಯೊ ಮತ್ತು ಕೊಂಡೊ ಉಣ್ಣೆಯ ಎಳೆಗೆ ಬಣ್ಣ ಹಾಕಿ ಅಡ್ಡಕೊಯ್ತ ನೋಡಿದಾಗ ಅದು ಅಂಟಿಕೊಂಡ ಎರಡು ಅರ್ಧಗಳಾಗಿ ಕಂಡಿತು. ಎರಡೂ ಬಣ್ಣ ಹೀರುವ ರೀತಿ ಬೇರೆ. ಎಳೆಯ ಉದ್ದಕ್ಕೂ ಆ ಅರ್ಧಗಳು ಸುತ್ತುತ್ತ ಹೋಗುತ್ತವೆ, ಉಣ್ಣೆ ಗುಂಗುರಾಗುವುದು ಅದಕ್ಕೆ. ಮನುಷ್ಯರ ಗುಂಗುರು ಕೂದಲಿನಲ್ಲೂ ಬಾಗಿನ ಒಳಬದಿ, ಹೊರಬದಿಯ ಕೋಶಗಳ ಹಂಚಿಕೆ ಸಮವಲ್ಲ. ಹೀಗಾಗಿ ಹುಟ್ಟಾ ಅಲೆಗೂದಲಿನ ಎರಡು ಎಳೆಗಳು ಒಂದೇ ಸಮ ಬಾಗುವುದಿಲ್ಲ. ಕೆದರಿದ ಬಾಬ್ ಕೂದಲಿನ ಚೆಲುವಿಗೆ ಮೂಲ ಇದು. ಟಾಂಗಿನಲ್ಲಿ ಎಲ್ಲ ಗೊಂಚಲನ್ನೂ ಒಂದೇ ದಿಕ್ಕಿಗೆ ಸುತ್ತಿದರೆ ಅಲೆಗಳು ಒಂದರೊಳಗೊಂದು ಕೂತು ಒಂದೇ ದೊಡ್ಡ ಸುರುಳಿಯಾಗುತ್ತವೆ. ದಿಕ್ಕು ಬದಲಿಸುತ್ತ ಹೋದರೆ ಒಂದು ಇನ್ನೊಂದನ್ನು ತಳ್ಳಿ ನಿಲ್ಲುತ್ತದೆ, ಕೂದಲು ತುಂಬಿಕೊಂಡಂತೆ ಕಾಣುತ್ತದೆ.

ಮುಂದಿನ ತಿರುವು ಕತ್ತರಿಯದು. 1960ರ ದಶಕದಲ್ಲಿ ಲಂಡನ್ನಿನ ಕೇಶ ಕಲಾವಿದ ವಿಡಾಲ್ ಸಸೂನ್ ಸೆಟ್ ಮಾಡುವುದನ್ನೇ ಬಿಟ್ಟು, ಕತ್ತರಿಯಿಂದಲೇ ಆಕಾರ ಬರಬೇಕೆಂದು ಹೊರಟ. ತೊಳೆದು ಕೊಡವಿದರೆ ಸಾಕು, ಬಾಬ್ ತನ್ನ ಜಾಗಕ್ಕೆ ತಾನೇ ಬೀಳಬೇಕು. ಆ ಪಾಠ ಕೆದರಿದ ಬಾಬ್‌ಗೆ ಇಂದಿಗೂ ಬೇಕು. ಕೆಳಗಿನ ಅಂಚನ್ನು ಗೆರೆ ಎಳೆದಂತೆ ಮೊಂಡಾಗಿ ಕತ್ತರಿಸಿದ ಬಾಬ್‌ಗೆ ಅಲೆ ಕೊಟ್ಟರೆ ಕೆಳಗೆಲ್ಲ ಉಬ್ಬಿ ತ್ರಿಕೋನವಾಗುತ್ತದೆ. ಒಳಗಡೆ ಲೇಯರ್ ಇರಬೇಕು, ತುದಿಗಳಲ್ಲಿ ಕತ್ತರಿಯನ್ನು ನೆಟ್ಟಗೆ ಹಿಡಿದು ಅಲ್ಲಲ್ಲಿ ತೆಳು ಮಾಡಿರಬೇಕು. ಟಾಂಗಿನಿಂದ ತುದಿಯನ್ನು ಹೊರಗಿಡುವುದೂ ಅದಕ್ಕೇ. ನೆಸ್ಲರ್ ಬುಡದಿಂದ ಶುರು ಮಾಡಿದ, ಮೇಯರ್ ತುದಿಯಿಂದ. ಈಗಿನ ಕೈಗಳು ಎರಡನ್ನೂ ಬಿಟ್ಟು ನಡುವನ್ನು ಹಿಡಿದಿವೆ. ತುದಿ ಒಳಕ್ಕೆ ಸುತ್ತಿಕೊಂಡರೆ 1930ರ ತಲೆಯಾಗುತ್ತದೆ, ನೆಟ್ಟಗೆ ಬಿಟ್ಟರೆ ಈಗ ತಾನೇ ಗಾಳಿಗೆ ನಿಂತು ಬಂದ ತಲೆ.

ಮಲ್ಪೆಯಲ್ಲೋ ಗೋಕರ್ಣದಲ್ಲೋ ಸಮುದ್ರಕ್ಕಿಳಿದು ಬಂದವರಿಗೆ ಉಪ್ಪುನೀರು ಆರಿದ ಕೂದಲು ಹೇಗಿರುತ್ತದೆಂದು ಗೊತ್ತು. ಉಪ್ಪಿನ ಹರಳುಗಳು ಎಳೆಗಳ ಮೇಲೆ ಕೂತು ಉಜ್ಜಾಟ ಹೆಚ್ಚಿಸುತ್ತವೆ. ಎಳೆಗಳು ಒಂದರ ಮೇಲೊಂದು ಜಾರದೆ ಗೊಂಚಲು ಗೊಂಚಲಾಗಿ ನಿಲ್ಲುತ್ತವೆ. ಸಲೂನುಗಳ ಸೀ ಸಾಲ್ಟ್ ಸ್ಪ್ರೇ ಮಾಡುವುದು ಅಷ್ಟನ್ನೇ. ಬೋರ್‌ವೆಲ್ ನೀರಿನಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದೆಯಲ್ಲ, ಅದೂ ಹಾಗೇ ಮಾಡಬೇಕಲ್ಲವೇ ಎಂದು ಕೇಳುವವರಿದ್ದಾರೆ. ಮಾಡುವುದಿಲ್ಲ. ಸ್ಪ್ರೇಯ ಉ‍ಪ್ಪು ಮುಂದಿನ ಸ್ನಾನಕ್ಕೆ ಕರಗಿ ಹೋಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಕೂದಲಿನೊಳಗಿನ ಆಮ್ಲೀಯ ಜಾಗಗಳಿಗೆ ಅಂಟಿ ಸ್ನಾನದಿಂದ ಸ್ನಾನಕ್ಕೆ ಕೂಡುತ್ತ ಹೋಗುತ್ತದೆ. ಕೂದಲು ಒರಟಾಗುತ್ತದೆ, ಹೊಳಪು ಹೋಗುತ್ತದೆ, ಅಲೆಯ ಬದಲು ಬರೀ ಸಿಕ್ಕು. ವರ್ಷಗಟ್ಟಲೆ ಟ್ಯಾಂಕರ್ ನೀರನ್ನೇ ನಂಬಿದ ಹೊರವಲಯದ ಅಪಾರ್ಟ್‌ಮೆಂಟುಗಳಲ್ಲಿ, ಪಿಜಿಗಳಲ್ಲಿ ಇದರ ಅನುಭವ ಯಾರಿಗಿಲ್ಲ! 2024ರ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ ಬಂದಿತು. ಕುಡಿಯುವ ನೀರಿನ ಮುಂದೆ ಕೂದಲಿನ ಮಾತು ಸಣ್ಣದು, ನಿಜ. ಆದರೆ ನಲ್ಲಿಗೆ ಕಾವೇರಿ ಬಂದ ಮನೆಯವರು ಶಾಂಪೂ ನೊರೆಯಲ್ಲೇ ವ್ಯತ್ಯಾಸ ಕಾಣುತ್ತಾರೆ. ಬೋರ್ ನೀರೇ ಗತಿಯಾದವರು ಕೊನೆಯ ತಂಬಿಗೆಯನ್ನಾದರೂ ಕುಡಿಯುವ ನೀರಿನಲ್ಲಿ ಹಾಕಿಕೊಳ್ಳುವುದು ಒಳ್ಳೆಯದು.

ಟಾಂಗ್ ಬಳಸುವವರಿಗೆ ಒಂದು ಕಟ್ಟುನಿಟ್ಟಿನ ಮಾತು. ಒದ್ದೆ ಕೂದಲಿಗೆ ಅದನ್ನು ಮುಟ್ಟಿಸಬೇಡಿ. ಎಳೆಯೊಳಗಿನ ನೀರು ಒಮ್ಮೆಲೇ ಹಬೆಯಾಗಿ ಗುಳ್ಳೆ ಕಟ್ಟುತ್ತದೆ, ಆ ಗುಳ್ಳೆಯ ಜಾಗದಲ್ಲಿ ಎಳೆ ತುಂಡಾಗುತ್ತದೆ. ಚರ್ಮರೋಗ ತಜ್ಞರು ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬಬಲ್ ಹೇರ್ ಎಂದು ಹೆಸರಿಟ್ಟಿದ್ದಾರೆ. ಪೂರ್ತಿ ಆರಿದ ಕೂದಲು, ತೆಳುವಾಗಿದ್ದರೆ 150 ಡಿಗ್ರಿಯ ಆಸುಪಾಸು, ದಪ್ಪವಿದ್ದರೆ 180ರೊಳಗೆ, ಒಂದು ಗೊಂಚಲಿಗೆ ಕೆಲವೇ ಸೆಕೆಂಡು.

ಸ್ಕೂಟರಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿ ಸೇರುವವರಿಗೆ ಹೆಲ್ಮೆಟ್ಟಿನ ಚಿಂತೆ. ಒಳಗಿನ ಬೆವರು ಕಚ್ಚಾ ಹೊಲಿಗೆ ಬಿಚ್ಚುತ್ತದೆ, ಹೆಲ್ಮೆಟ್ಟಿನ ಒತ್ತು ಕೂದಲನ್ನು ನೆತ್ತಿಗೆ ಒತ್ತಿ ಹಿಡಿಯುತ್ತದೆ, ಅದೇ ಭಂಗಿಯಲ್ಲಿ ಆರಿದರೆ ಇಡೀ ದಿನ ಚಪ್ಪಟೆ. ಇಳಿದ ಕೂಡಲೇ, ಬುಡದಲ್ಲಿ ತೇವ ಇರುವಾಗಲೇ, ತಲೆ ಬಗ್ಗಿಸಿ ಬೆರಳಾಡಿಸಿ ಎತ್ತಿ ಹಿಡಿದರೆ ಎದ್ದ ಆಕಾರದಲ್ಲೇ ಆರುತ್ತದೆ. ಹೆಲ್ಮೆಟ್ ಮಾತ್ರ ಬಿಡುವ ಹಾಗಿಲ್ಲ.

ಪೀಣ್ಯದಲ್ಲಿ ಲೇತು, ಹೊಲಿಗೆ ಯಂತ್ರ, ತಿರುಗುವ ಬೆಲ್ಟುಗಳ ಮುಂದೆ ದುಡಿಯುವ ಹೆಣ್ಣುಮಕ್ಕಳಿಗೆ ಕೂದಲು ಜೀವದ ಪ್ರಶ್ನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನಟಿ ವೆರೊನಿಕಾ ಲೇಕ್‌ಳ, ಒಂದು ಕಣ್ಣು ಮುಚ್ಚುವಂತೆ ಇಳಿಬಿದ್ದ ಉದ್ದನೆಯ ಅಲೆಗೂದಲನ್ನು ಕಾರ್ಖಾನೆಯ ಹುಡುಗಿಯರು ಅನುಕರಿಸತೊಡಗಿದಾಗ, ಯಂತ್ರಕ್ಕೆ ಸಿಕ್ಕಿಕೊಳ್ಳುವ ಭಯದಿಂದ ಆ ಶೈಲಿ ಬಿಡುವಂತೆ ಸರ್ಕಾರವೇ ಅವಳನ್ನು ಕೇಳಿಕೊಂಡಿತು. ಅವಳು ಕೂದಲನ್ನು ಎತ್ತಿ ಕಟ್ಟಿದಳು. ಬಾಬ್ ಕಟ್ಟಿಗೆ ಈ ಅಪಾಯ ಕಡಿಮೆ, ಆದರೂ ಟೋಪಿ ಬೇಕೇ ಬೇಕು. ಆ ಟೋಪಿಯೂ ಕೆಲಸಕ್ಕೆ ಬರುತ್ತದೆ. ಪಾಳಿಗೆ ಹೊರಡುವ ಮುನ್ನ ಕೂದಲಿಗೆ ಸ್ವಲ್ಪವೇ ನೀರು ಚಿಮುಕಿಸಿ, ಕಿವಿಯ ಮಟ್ಟದಿಂದ ಕೆಳಗೆ ನಾಲ್ಕು ಭಾಗ ಮಾಡಿ, ಒಂದನ್ನು ಒಳಕ್ಕೆ ಒಂದನ್ನು ಹೊರಕ್ಕೆ ಹಗ್ಗದಂತೆ ಹೊಸೆದು, ತುದಿಯನ್ನು ಹಾಗೇ ಬಿಟ್ಟು, ಯಂತ್ರಕ್ಕೆ ಬೀಳದಂತೆ ಬಟ್ಟೆಯ ರಬ್ಬರ್ ಬ್ಯಾಂಡಿನಿಂದ ನೆತ್ತಿಗೆ ಒತ್ತಿ ಕಟ್ಟಿ ಟೋಪಿ ಹಾಕಿಕೊಳ್ಳಬೇಕು. ಎಂಟು ಗಂಟೆಯಲ್ಲಿ ಅದು ನಿಧಾನಕ್ಕೆ ಆರುತ್ತದೆ. ಪಾಳಿ ಮುಗಿದು ಟೋಪಿ ತೆಗೆದ ಮೇಲೆ ಹೊಸೆದದ್ದನ್ನು ಬಿಚ್ಚಿ, ಬಾಚಣಿಗೆ ಮುಟ್ಟಿಸದೆ, ಬೆರಳಿನಿಂದ ಬುಡದಿಂದ ಕೊಡವಿದರಾಯಿತು. ರಾತ್ರಿ ಪಾಳಿಯಿಲ್ಲದವರು ಇದನ್ನೇ ಮಲಗುವ ಮುನ್ನ ಮಾಡಿ, ತಲೆಗೆ ಹತ್ತಿ ಬಟ್ಟೆ ಸುತ್ತಿಕೊಂಡರೆ ಬೆಳಿಗ್ಗೆ ಟಾಂಗಿನ ಪ್ಲಗ್ಗೂ ಬೇಡ.